ಎರಡನೇ ವಾಲ್ವಿನ ಬಿಲ್ಲೆ

ಬ್ಯಾಂಡ್ ಸೆಟ್ಟಿನಲ್ಲಿ ಬಾಸು ಊದುವವನ ಮುಖವನ್ನು ಯಾರೂ ನೋಡುವುದಿಲ್ಲ. ಜನ ಟ್ರಂಪೆಟ್ಟಿನವನ ಮುಂದೆ ಕುಣಿಯುತ್ತಾರೆ, ಡ್ರಮ್ಮಿನವನ ಹೆಗಲು ತಟ್ಟುತ್ತಾರೆ. ಹಿಂದಿನ ಸಾಲಿನಲ್ಲಿ ಹಂಡೆಯಂಥ ಟ್ಯೂಬಾ ಹೊತ್ತು ಬುಂ ಬುಂ ಅನ್ನುವವನು ಅವರ ಪಾಲಿಗೆ ಆ ವಾದ್ಯಕ್ಕೊಂದು ಸ್ಟ್ಯಾಂಡು, ಅಷ್ಟೆ. ಟ್ಯೂಬಾಗೆ ನಮ್ಮ ಕಡೆ ಬಾಸು ಅಂತಲೇ ಹೆಸರು. ಚಲಪತಿ ಮಾಮ ಮೂವತ್ತೆರಡು ವರ್ಷ ಅದನ್ನು ಊದಿದ. ಯಾರೂ ನೋಡದ ಆ ಜಾಗವೇ ಅವನಿಗೆ ಬೇಕಾಗಿತ್ತು ಅಂತ ಹೋದ ವರ್ಷದವರೆಗೂ ನನಗೆ ಗೊತ್ತಿರಲಿಲ್ಲ.

ನಾನು ಶ್ರೀಧರ್. ರಾಬರ್ಟ್‌ಸನ್‌ಪೇಟೆ ಮಾರ್ಕೆಟ್ಟಿನ ಹಿಂಬದಿಯಲ್ಲಿ ನನ್ನ ಅಂಗಡಿ. ಬ್ಯಾಂಡಿನವರ ವಾದ್ಯ ರಿಪೇರಿ ಮಾಡುತ್ತೇನೆ. ನನ್ನ ಬಾಯಿ ಸರಿಯಿಲ್ಲ ಅಂತ ಅತ್ತ ಬಂಗಾರಪೇಟೆ, ಇತ್ತ ಕುಪ್ಪಂವರೆಗೂ ಹೆಸರಿದೆ. ಇರಲಿ ಬಿಡಿ. ಬೆರಳಲ್ಲಿ ಒತ್ತುವ ವಾಲ್ವಿಗೆ ಕೊಬ್ಬರಿ ಎಣ್ಣೆ ಸುರಿದುಕೊಂಡು ಬಂದು "ಅಂಟಿಕೊಳ್ತಾ ಐತೆ ಸಾರ್" ಅನ್ನುವವನಿಗೆ ನಾನು ಆರತಿ ಎತ್ತಬೇಕೇ?

ಒಂದು ಬಾಸು ಚೆನ್ನಾಗಿದೆಯೋ ಇಲ್ಲವೋ ನನಗೆ ಊದಿ ನೋಡುವ ಮೊದಲೇ ಗೊತ್ತಾಗುತ್ತದೆ. ಬೆರಳಿಟ್ಟರೆ ಸಾಕು. ಒತ್ತಿದಾಗ ಮೊದಲು ಸ್ಪ್ರಿಂಗು ಸ್ವಲ್ಪ ಎದುರು ನಿಲ್ಲಬೇಕು, ಆಮೇಲೆ ಒಪ್ಪಿಕೊಂಡು ಇಳಿಯಬೇಕು, ಗುಂಡಿಯ ಕೆಳಗಿನ ಮೆತ್ತನೆ ಫೆಲ್ಟಿನ ಮೇಲೆ ಸದ್ದಿಲ್ಲದೆ ಕೂರಬೇಕು. ಬೆರಳು ತೆಗೆದರೆ ಬೆರಳಿನ ಜೊತೆಗೇ ಮೇಲೆ ಬರಬೇಕು. ವಾಲ್ವಿನೊಳಗಿನ ತೂತು ಕೊಳವೆಯ ತೂತಿಗೆ ಸರಿಯಾಗಿ ಕೂಡಬೇಕು, ಗುಟ್ಟು ಅಷ್ಟೇ. ಸ್ವಲ್ಪ ಹೆಚ್ಚುಕಡಿಮೆಯಾದರೂ ಮೇಲಿನ ಸ್ವರಗಳು ಹೇಗೋ ಬಂದುಬಿಡುತ್ತವೆ. ತಳದ ಸ್ವರದ ಹತ್ತಿರ ಆ ಆಟ ನಡೆಯುವುದಿಲ್ಲ. ಒಳಗೆ ಕೂದಲೆಳೆಯಷ್ಟು ಅಡ್ಡ ಬಂದರೂ ಅದು ಗಂಟಲಲ್ಲೇ ಉಳಿಯುತ್ತದೆ.

ಚಲಪತಿ ಮಾಮನ ಬಾಸಿನ ರೋಗವೂ ಅದೇ. ಅದು ಹಿಂದೆ ಚಿನ್ನದ ಗಣಿಯವರ ಬ್ಯಾಂಡಿನದು. ಗಣಿ ಮುಚ್ಚಿದಾಗ ಬ್ಯಾಂಡೂ ಮುಚ್ಚಿತು, ಬಾಸು ಮಾಮನ ಮನೆ ಸೇರಿತು. ಮೂರು ವಾಲ್ವುಗಳು. ಒಂದನೆಯದಕ್ಕೂ ಮೂರನೆಯದಕ್ಕೂ ತಲೆಯ ಮೇಲೆ ಬಿಳಿ ಚಿಪ್ಪಿನ ಗುಂಡಿ. ನಡುವಿನ ಎರಡನೆಯದಕ್ಕೆ ಮಾತ್ರ ಅಗಲವಾದ ಏನೋ ಒಂದು, ಅದರ ಮೇಲೆ ಬಿಗಿಯಾಗಿ ಅಂಟಿಸಿದ ಕಪ್ಪು ತೊಗಲು. ಮೊದಲ ಸಲ ನೋಡಿದಾಗಲೇ ನಾನು ಬೈದೆ. "ಏನ್ ಮಾಮ ಇದು, ಚಪ್ಪಲಿ ಒಲಿಯೋನ ಅತ್ರ ಮಾಡಿಸ್ದಾ?" ಅಂದೆ. ಅವನು ನಗಲಿಲ್ಲ. "ಅದು ನನ್ ಬೆರ್ಳಿಗೆ ಒಗ್ಗೈತೆ. ಅದೊಂದು ಮುಟ್ಬ್ಯಾಡ" ಅಂದ. ಇಪ್ಪತ್ತು ವರ್ಷದಲ್ಲಿ ಆ ಬಾಸಿನ ಇಂಚಿಂಚನ್ನೂ ನನ್ನ ಕೈಗೆ ಕೊಟ್ಟಿದ್ದಾನೆ. ಆ ವಾಲ್ವನ್ನು ಮಾತ್ರ ಬಿಚ್ಚಲು ಬಿಟ್ಟಿರಲಿಲ್ಲ.

ಅದರಿಂದ ಅವನಿಗೆ ಆಗುತ್ತಿದ್ದ ಅವಮಾನ ಸಣ್ಣದಲ್ಲ. ಚಾಂಪಿಯನ್ ರೀಫ್ಸ್‌ನ ನಮ್ಮ ಸಾಲುಮನೆಗಳಲ್ಲಿ ಗಣಿಗೆ ಇಳಿದು ಬದುಕಿದವನು ಯಾರಾದರೂ ಸತ್ತರೆ ಮೆರವಣಿಗೆ ಕೆಳಗಿಳಿಯುವ ಹಳೇ ಶಾಫ್ಟಿನ ಗೇಟಿನ ಮುಂದೆ ನಿಲ್ಲುತ್ತದೆ. ಉಳಿದ ವಾದ್ಯಗಳೆಲ್ಲ ಸುಮ್ಮನಾಗುತ್ತವೆ. ಬಾಸಿನವನೊಬ್ಬ ಮುಂದೆ ಬಂದು ಮೂರೂ ವಾಲ್ವು ಅದುಮಿ, ವಾದ್ಯದ ಅತ್ಯಂತ ತಳದ ಸ್ವರವನ್ನು ಒಂದು ಉಸಿರು ಮುಗಿಯುವವರೆಗೆ ಊದಬೇಕು. ಕೆಳಗಿರುವವರಿಗೆ ಸುದ್ದಿ ಮುಟ್ಟಿಸುವುದು ಅನ್ನುತ್ತಾರೆ. ಮೇಲಿನವನೊಬ್ಬ ನಿಮ್ಮ ಕಡೆ ಬರುತ್ತಿದ್ದಾನೆ, ಜಾಗ ಮಾಡಿ ಅಂತ. ಮಾಮನಿಗೆ ಆ ಸ್ವರ ಬರುತ್ತಿರಲಿಲ್ಲ. ಉಸಿರು ಹೋಗುತ್ತಿತ್ತು, ಬುಸ್ ಅನ್ನುತ್ತಿತ್ತು. ತಕ್ಷಣ ಅವನು ಮೇಲಿನ ಯಾವುದೋ ಸ್ವರಕ್ಕೆ ಹಾರಿ ಮುಗಿಸಿಬಿಡುತ್ತಿದ್ದ. ಹಳಬರು ಮುಖಮುಖ ನೋಡಿಕೊಳ್ಳುತ್ತಿದ್ದರು. "ಆರುಮುಗಂ ಊದಿದ್ರೆ ಮನೇಲಿರೋ ತಟ್ಟೆ ಲೋಟ ಗಲಗಲ ಅಂತಿದ್ವು" ಅಂತ ಯಾರಾದರೂ ಅಂದೇ ಅನ್ನುತ್ತಿದ್ದರು.

ಆರುಮುಗಂ ನನ್ನ ಅಪ್ಪ. ಅದೇ ಬಾಸು ಮೊದಲು ಊದುತ್ತಿದ್ದವನು ಅವನೇ. ಹಗಲು ಗಣಿಯ ಕೆಳಗೆ ಕೆಲಸ, ಸಾಯಂಕಾಲ ಬ್ಯಾಂಡು. ಚಲಪತಿ ಮಾಮ ಅವನ ಶಿಷ್ಯ. ನನಗೆ ಎಂಟು ವರ್ಷವಾಗಿದ್ದಾಗ ಅಪ್ಪ ನಮ್ಮನ್ನು ಬಿಟ್ಟು ಓಡಿಹೋದ.

ಹಾಗಂತ ನಾವು ನಂಬಿದ್ದೆವು. ನಡೆದದ್ದು ಇಷ್ಟು. ಅಮ್ಮ, ಹೆಸರು ಅಮ್ಮಾಜಮ್ಮ, ಬೂದಿಕೋಟೆ ಹತ್ತಿರದ ತವರಿನಲ್ಲಿದ್ದಳು, ನಾನೂ ಜೊತೆಗಿದ್ದೆ. ಅಪ್ಪ ಮೂರು ದಿನ ರಜೆ ಹಾಕಿ ಬಂದಿದ್ದ. ಎರಡನೇ ದಿನವೇ, ಬ್ಯಾಂಡಿದೆ, ಹೊರಡುತ್ತೇನೆ ಅಂದ. ಅಮ್ಮನಿಗೆ ರೇಗಿತು. "ಓಗು, ಆ ಪೀಪಾಯಿ ಕಟ್ಕೊಂಡೇ ಬಾಳು. ಓದ್ರೆ ತಿರ್ಗಾ ಬರ್ಬ್ಯಾಡ" ಅಂದುಬಿಟ್ಟಳು. ಅವನು ಬೆಳಗಿನ ಬಸ್ಸು ಹತ್ತಿ ಹೋದ. ಮರುದಿನ ಗಣಿಯಲ್ಲಿ ಕಲ್ಲು ಕುಸಿದು ನಾಲ್ವರು ಸತ್ತರೆಂಬ ಸುದ್ದಿ ಬಂತು. ಅಮ್ಮ ಎದೆ ಹೊಡೆದುಕೊಂಡು ಗೇಟಿಗೆ ಓಡಿದಳು. ಕೆಳಗಿಳಿಯುವ ಪ್ರತಿಯೊಬ್ಬನಿಗೂ ನಂಬರು ಹೊಡೆದ ಹಿತ್ತಾಳೆ ಬಿಲ್ಲೆಯೊಂದು ಇರುತ್ತಿತ್ತು. ಅದು ಗೇಟಿನ ಕಿಟಕಿಯೊಳಗಿನ ಮೊಳೆಯಲ್ಲಿರುತ್ತಿತ್ತು. ಇಳಿಯುವಾಗ ಕೇಳಿ ಇಸಿದುಕೊಂಡು ಗೇಟಿನ ಹಲಗೆಗೆ ನೇತು ಹಾಕುತ್ತಿದ್ದರು, ಮೇಲೆ ಬಂದಾಗ ಮತ್ತೆ ಕಿಟಕಿಗೆ ವಾಪಸು. ಹಲಗೆಯಲ್ಲಿ ಬಿಲ್ಲೆ ಉಳಿದರೆ ಆಳು ಕೆಳಗಿದ್ದಾನೆ ಅಂತ ಲೆಕ್ಕ. ಅಪ್ಪನ ನಂಬರು ೬೧೪. ಹಲಗೆಯಲ್ಲಿ ೬೧೪ ಇರಲಿಲ್ಲ. ಅವನು ಇಳಿದೇ ಇಲ್ಲ ಅಂದರು. ಅಮ್ಮ ಅಲ್ಲೇ ಕೈ ಮುಗಿದಳಂತೆ, ಬದುಕಿದ್ದಾನಲ್ಲ ಅಂತ.

ಅಪ್ಪ ಬರಲಿಲ್ಲ. ಕುಪ್ಪಂ ರೈಲಿನಲ್ಲಿ ನೋಡಿದೆ ಅಂತ ಒಬ್ಬ ಅಂದ. ಚಿತ್ತೂರಿನಲ್ಲಿ ಇನ್ನೊಂದು ಸಂಸಾರ ಮಾಡಿದ್ದಾನೆ ಅಂತ ಇನ್ನೊಬ್ಬ. ಹೇಳುವವರಿಗೆ ಬಾಯಿ ನೋಯುತ್ತದೆಯೇ? ನಾನು ಶಾಲೆಯಲ್ಲಿ ಓಡಿಹೋದವನ ಮಗನಾದೆ. ಹೊಡೆದಾಡಿದೆ, ಹಲ್ಲು ಮುರಿದುಕೊಂಡೆ, ಶಾಲೆ ಬಿಟ್ಟೆ. ಈ ಹಾಳು ಬಾಯಿ ಅಲ್ಲಿಂದ ಬಂದದ್ದು. ಅಪ್ಪನನ್ನು ನಾನು ಬೈಯದ ದಿನವಿಲ್ಲ. ಅಮ್ಮ ಬೈಯಲಿಲ್ಲ. ಬೆಳಿಗ್ಗೆ ಎದ್ದು ಕಾಸಗಲ ಕುಂಕುಮ ಇಟ್ಟುಕೊಂಡು, ಅಪ್ಪನ ಊಟದ ಕ್ಯಾರಿಯರನ್ನು ಹುಣಸೆಹಣ್ಣು ಹಚ್ಚಿ ತೊಳೆದಿಡುತ್ತಿದ್ದಳು. ಅದರ ಮುಚ್ಚಳದ ಮೇಲೂ ಮೊಳೆಯಿಂದ ಕೊರೆದ ೬೧೪ ಇದೆ. "ನಾನೇ ಬರ್ಬ್ಯಾಡ ಅಂದೆ, ಅವ್ರು ಬರ್ಲಿಲ್ಲ" ಅಂತ ಯಾವಾಗಲಾದರೂ ಒಮ್ಮೆ ಅನ್ನುತ್ತಿದ್ದಳು. ನಾಲ್ಕು ಜನರ ಮುಂದಲ್ಲ, ಪಾತ್ರೆ ತೊಳೆಯುತ್ತ, ಪಾತ್ರೆಗೆ.

ಆಗ ನಮಗೆ ಆದವನು ಚಲಪತಿ ಮಾಮ. ಗಣಿಯಲ್ಲಿ ಅವನದು ಗೇಟಿನ ಕಿಟಕಿಯಲ್ಲಿ ಕೂತು ಬಿಲ್ಲೆ ತಗೊಳ್ಳುವ ಕೊಡುವ ಕೆಲಸ. ಆಮೇಲೆ ಬೂದಿಕೋಟೆ ಡೈರಿಯಲ್ಲಿ ಹಾಲಿನ ಕ್ಯಾನು ತೊಳೆಯುವುದಕ್ಕೆ ಸೇರಿದ. ಮದುವೆಯಾಗಲಿಲ್ಲ. ವಾರಕ್ಕೆರಡು ಸಲ ನಮ್ಮ ಮನೆಗೆ ಬರುತ್ತಿದ್ದ, ಹಾಲು ತರುತ್ತಿದ್ದ, ಮಾಡಿನ ಶೀಟು ಹಾರಿದರೆ ಹತ್ತಿ ಹೊದಿಸುತ್ತಿದ್ದ. ಬೀದಿ ಪಾಲಾಗಿದ್ದ ನನ್ನನ್ನು ಕಿವಿ ಹಿಡಿದು ಹಳೆಯ ರಿಪೇರಿಯವನೊಬ್ಬನ ಹತ್ತಿರ ಕೂರಿಸಿ ಬೆಸುಗೆ ಕಲಿಸಿದವನೂ ಅವನೇ. ಆದರೆ ಅಷ್ಟು ವರ್ಷದಲ್ಲಿ ನಮ್ಮ ಮನೆಯಲ್ಲಿ ಒಂದು ಲೋಟ ನೀರು ಕುಡಿದವನಲ್ಲ. ಹೊಸ್ತಿಲ ಹೊರಗೇ ಕೂರುತ್ತಿದ್ದ. ಅಮ್ಮ ಕಾಫಿ ತಂದರೆ "ಈಗ್ತಾನೆ ಆಯ್ತಕ್ಕ" ಅನ್ನುತ್ತಿದ್ದ.

ಇನ್ನೂ ಒಂದಿತ್ತು. ಅವನು ನೆಲದ ಮೇಲೆ ಮಲಗುತ್ತಿರಲಿಲ್ಲ. ಮಧ್ಯಾಹ್ನ ಎಲ್ಲರೂ ಚಾಪೆ ಹಾಸಿ ಅಡ್ಡಾದರೆ ಇವನು ಕಟ್ಟೆಯ ಮೇಲೆ ಕೂತೇ ತೂಕಡಿಸುತ್ತಿದ್ದ. "ಯಾಕ್ ಮಾಮ, ನೆಲ ಕಚ್ಚುತ್ತಾ?" ಅಂತ ಒಮ್ಮೆ ರೇಗಿಸಿದೆ. "ಕೆಳ್ಗಡೆಯಿಂದ ತಟ್ತಾರೆ" ಅಂದ. ಇಡೀ ಊರಿನ ಕೆಳಗೆ ಸುರಂಗ, ಹಳೇ ಮರ ಮುರಿಯುತ್ತದೆ, ನೀರು ತುಂಬಿ ಗಾಳಿ ತಳ್ಳುತ್ತದೆ ಅಂತ ನಾನು ದೊಡ್ಡ ಇಂಜಿನಿಯರನ ಹಾಗೆ ವಿವರಿಸಿದೆ. ಅವನು ಪೂರ್ತಿ ಕೇಳಿಸಿಕೊಂಡು, "ಅಂಗಲ್ಲ ಕಣ್ಲಾ, ಮೂರು ಸಲ ತಟ್ಟಿ ನಿಲ್ಲಿಸ್ತಾರೆ. ಆಮ್ಯಾಕೆ ಕಾಯ್ತಾರೆ" ಅಂದ. ನಾನು ಮಾತು ಬದಲಾಯಿಸಿದೆ.

ಹೋದ ವರ್ಷ ಅಮ್ಮನಿಗೆ ಹೃದಯ ಸೋತಿತು. ಕಾಲು ಊದಿಕೊಂಡಿತು, ನಾಲ್ಕು ಹೆಜ್ಜೆಗೆ ಏದುಸಿರು. ಡಾಕ್ಟರು ನನ್ನನ್ನು ಹೊರಗೆ ಕರೆದು ಮಾತಾಡಿದರು. ಅಮ್ಮನಿಗೆ ಯಾರೂ ಹೇಳಬೇಕಾಗಿರಲಿಲ್ಲ.

"ಶ್ರೀಧರ, ನಾನು ಸತ್ತೋದಾಗ ಗೇಟಿನ ಅತ್ರ ನಿಲ್ಲಿಸಿ ತಳದ ಸ್ವರ ಊದಿಸ್ಬೇಕು" ಅಂದಳು ಒಂದು ಬೆಳಿಗ್ಗೆ.

"ನೀನೇನ್ ಗಣಿಗೆ ಇಳ್ದೋಳಾ? ಸುಮ್ನಿರಮ್ಮ."

"ಇಳ್ದೋಳಲ್ಲ. ಆದ್ರೂ ಊದ್ಸು. ನಿಮ್ಮಪ್ಪನ ಬಾಸಲ್ಲೇ ಊದ್ಸು. ಎಲ್ಲೇ ಇರ್ಲಿ, ಆ ಸದ್ದು ಕೇಳಿದ್ರೆ ತಿರುಗಿ ನೋಡ್ತಾರೆ. ಕೋಪ ಓಗ್ತದೆ."

ನಾನು ಸೀದಾ ಮಾಮನ ಮನೆಗೆ ಹೋದೆ. ಆ ಎರಡನೇ ವಾಲ್ವು ನನಗೆ ಕೊಡು, ತಳದ ಸ್ವರ ಬರಬೇಕು, ಅಮ್ಮ ಹೀಗೆ ಕೇಳಿದ್ದಾಳೆ ಅಂದೆ. ಅವನು ಬಾಸನ್ನು ಮಗುವನ್ನು ಎಳೆದುಕೊಂಡ ಹಾಗೆ ಮಡಿಲಿಗೆ ಎಳೆದುಕೊಂಡ. "ಬ್ಯಾಡ ಶ್ರೀಧರ. ಬೇರೆ ಏನಾರ ಕೇಳು." ನನಗೆ ತಲೆ ಕೆಟ್ಟಿತು. ಬಾಯಿಗೆ ಬಂದ ಹಾಗೆ ಅಂದೆ. ಅಮ್ಮ ಕೈಯಾರೆ ಕೊಟ್ಟ ಕಾಫಿ ಕುಡಿಯಲಿಲ್ಲ, ಸಾಯುವಾಗ ಕೇಳಿದ ಒಂದು ಸ್ವರಕ್ಕೂ ಜಿಪುಣತನ ಮಾಡುತ್ತೀಯ, ನೀನೂ ನಮ್ಮಪ್ಪನ ಜಾತಿಯವನೇ ಅಂದೆ. ಆ ಕೊನೆಯ ಮಾತಿಗೆ ಅವನ ಮುಖ ಬಿಳುಚಿಕೊಂಡಿತು. ನಾನು ಬಂದುಬಿಟ್ಟೆ.

ಎಂಟು ದಿನ ಅವನು ನಮ್ಮ ಕಡೆ ತಲೆ ಹಾಕಲಿಲ್ಲ. ಒಂಬತ್ತನೇ ದಿನ ಹತ್ತು ಗಂಟೆಯ ಹೊತ್ತಿಗೆ ಅಂಗಡಿಯ ಮುಂದೆ ಆಟೋ ನಿಂತಿತು. ಮಾಮ ಬಾಸನ್ನು ಇಳಿಸಿ ನನ್ನ ಮೇಜಿನ ಮೇಲಿಟ್ಟ. ಸ್ನಾನ ಮಾಡಿ ಒಗೆದ ಅಂಗಿ ಹಾಕಿದ್ದ. ಸ್ಟೂಲು ಎಳೆದುಕೊಂಡು ಎದುರಿಗೆ ಕೂತು, "ನೀನೇ ತೆಗಿ. ನಾನೇ ತೆಗೆಯಾಕೆ ನೋಡ್ದೆ, ಕೈ ಬರ್ಲಿಲ್ಲ" ಅಂದ.

ಮೊದಲು ಬೆರಳಿಟ್ಟು ನೋಡಿದೆ. ಸ್ಪ್ರಿಂಗು ಚೆನ್ನಾಗಿತ್ತು, ಎಣ್ಣೆ ಇತ್ತು. ಆದರೆ ತಳ ಮುಟ್ಟಿತು ಅನ್ನುವಲ್ಲಿ ನಿಲ್ಲದೆ ಇನ್ನೊಂದು ಚೂರು ಇಳಿಯುತ್ತಿತ್ತು. ನನಗೆ ಅರ್ಥವಾಯಿತು. ಮೂಲದ ಗುಂಡಿ ದಪ್ಪಗಿರುತ್ತದೆ, ಅದು ಫೆಲ್ಟಿಗೆ ತಾಗಿ ವಾಲ್ವನ್ನು ಸರಿಯಾದ ಜಾಗದಲ್ಲಿ ತಡೆಯುತ್ತದೆ. ಇಲ್ಲಿ ಕೂರಿಸಿದ್ದು ತೆಳ್ಳಗಿನ ವಸ್ತು. ವಾಲ್ವು ಇಳಿಯಬೇಕಾದ್ದಕ್ಕಿಂತ ಹೆಚ್ಚು ಕೆಳಗೆ ಇಳಿದು, ತೂತಿಗೆ ತೂತು ತಪ್ಪುತ್ತಿತ್ತು. "ಇಷ್ಟೇ ಮಾಮ. ಹತ್ತು ನಿಮಿಷದ ಕೆಲ್ಸಕ್ಕೆ ಮೂವತ್ತು ವರ್ಷ ಒದ್ದಾಡಿದ್ದೀಯ" ಅಂದೆ.

ತೊಗಲು ಕೆರೆದು ತೆಗೆದೆ. ಕೆಳಗೆ ಸಪಾಟು ಹಿತ್ತಾಳೆ. ಸಣ್ಣ ಬೆಂಕಿ ತೋರಿಸಿದೆ, ಬೆಸುಗೆ ಕರಗಿತು, ಇಕ್ಕಳದಲ್ಲಿ ಎತ್ತಿ ನೀರಿಗೆ ಹಾಕಿ, ಒರೆಸಿ ತಿರುಗಿಸಿದೆ. ಅಂಚಿನಲ್ಲಿ ನೇತು ಹಾಕುವ ತೂತು. ನಡುವೆ ನಂಬರು, ೬೧೪.

ಎಷ್ಟು ಹೊತ್ತು ಅದನ್ನೇ ನೋಡುತ್ತಿದ್ದೆನೋ. ಮಾರ್ಕೆಟ್ಟಿನಲ್ಲಿ ಯಾರೋ ಟೊಮ್ಯಾಟೊ ಕೂಗುತ್ತಿದ್ದರು.

ಮಾಮ ನೆಲ ನೋಡುತ್ತ ಹೇಳಿದ. ಆವತ್ತು ಬ್ಯಾಂಡಿಗೆ ಹೊರಡಬೇಕಾದ ಹಿಂದಿನ ದಿನ ಎರಡನೇ ವಾಲ್ವಿನ ಗುಂಡಿ ಎಲ್ಲೋ ಬಿದ್ದು ಹೋಗಿತ್ತು. ಆರುಮುಗಂ ರಜೆಯಲ್ಲಿದ್ದ, ಅವನ ಬಿಲ್ಲೆ ಮೊಳೆಯಲ್ಲಿ ಸುಮ್ಮನೆ ನೇತಾಡುತ್ತಿತ್ತು. ಗುರುವಿನ ಬಾಸಿಗೆ ಗುರುವಿನ ನಂಬರೇ ಇರಲಿ, ನೋಡಿ ನಗುತ್ತಾನೆ ಅಂತ ತಂದು ಬೆಸೆದ. ರಜೆ ಮುಗಿಯುವಷ್ಟರಲ್ಲಿ ಕಿತ್ತು ವಾಪಸು ಹಾಕಿದರಾಯಿತು ಅಂದುಕೊಂಡ. ಆರುಮುಗಂ ಒಂದು ದಿನ ಮುಂಚೆ ಬಂದ, ಸೀದಾ ಶಿಫ್ಟಿಗೇ ಬಂದ.

"ಕಿಟ್ಕಿ ಅತ್ರ ಬಂದು, ನನ್ ಬಿಲ್ಲೆ ಕೊಡ್ಲಾ ಅಂದ. ನಿನ್ ಬಿಲ್ಲೆ ಬಾಸಿನ ತಲೆ ಮ್ಯಾಲೈತಣ್ಣ, ಸಾಯಂಕಾಲ ನೋಡು ಅಂದೆ. ನಗ್ದ. ಮನೇಲಿ ಜಗಳ ಆಡ್ಕಂಡ್ ಬಂದೀನಿ, ಒಂದು ಶಿಫ್ಟು ಮಾಡಿ, ಬ್ಯಾಂಡು ಮುಗಿಸಿ, ಸಿಹಿ ತಗಂಡು ಬೂದಿಕೋಟೆಗೆ ಓಗ್ತೀನಿ ಅಂದ. ಕೆಳಕ್ಕಿಳಿಯೋ ಕೊನೇ ಕೇಜು, ಮರ ಇಳಿಸೋದು. ಒಬ್ನೇ ಇಳ್ದ. ಬಿಲ್ಲೆ ಇಲ್ದೆ ಬಿಟ್ಟೋನು ನಾನು."

"ಎಣಿಸುವಾಗ ಬಾಯಿ ಬಿಡ್ಲಿಲ್ವಾ?" ಅಂದೆ.

"ಆವತ್ತು ಎದ್ರಿಕೆ. ಜೈಲಿಗೆ ಆಕ್ತಾರೆ ಅಂತ. ಕೇಜಿನೋನು ನನ್ ಮಕ ನೋಡ್ದ, ನಾನು ಅವ್ನ ಮಕ ನೋಡ್ದೆ. ಇಬ್ರೂ ಸುಮ್ನಾದ್ವಿ. ಅವ್ನೂ ಈಗಿಲ್ಲ. ನಾಳೆ ನಿಜ ಏಳ್ತೀನಿ ಅಂದ್ಕೊಂಡೆ. ನಾಲ್ಕು ಎಣ ಸಿಕ್ಕಿದ್ವು, ಲೆಕ್ಕ ಸರೋಯ್ತು, ಮೂರನೇ ದಿನ ಆ ಸುರಂಗ ಮುಚ್ಚುದ್ರು. ಆಮ್ಯಾಕೆ ಏಳಿ ಏನ್ ಮಾಡ್ಲಿ?"

ನನ್ನ ಕೈಯಲ್ಲಿ ಬೆಂಕಿಯ ಪಂಪು ಇನ್ನೂ ಉರಿಯುತ್ತಿತ್ತು. ಅದನ್ನು ಅವನ ಮುಖಕ್ಕೆ ಹಿಡಿಯಬೇಕೆನ್ನಿಸಿತು, ಸುಳ್ಳೇಕೆ ಹೇಳಲಿ. ನನಗೆ ಅನ್ನದ ದಾರಿ ತೋರಿದವನು. ನನ್ನ ಅಪ್ಪನನ್ನು ಮೂವತ್ತೆರಡು ವರ್ಷ ನನ್ನ ಬಾಯಲ್ಲೇ ಬೈಯಿಸಿದವನು. ಪಂಪು ಆರಿಸಿದೆ. ನನಗೆ ಅಳು ಬಂತು, ಅವನ ಮುಂದೆಯೇ ಅತ್ತೆ. ಆಮೇಲೆ ಕೆಲಸ ಮುಗಿಸಿದೆ. ಡಬ್ಬಿಯಿಂದ ದಪ್ಪ ಗುಂಡಿ ಹುಡುಕಿ ತಿರುಪಿ ಕೂರಿಸಿ, ಹೊಸ ಫೆಲ್ಟು ಹಾಕಿದೆ. ಬೆರಳಿಟ್ಟು ನೋಡಿದೆ, ಇಳಿಯಬೇಕಾದಲ್ಲಿಗೆ ಇಳಿದು ನಿಂತಿತು.

ಹೇಳುವುದೋ ಬಿಡುವುದೋ? ಮುತ್ತೈದೆಯಾಗಿ ಸಾಯುತ್ತೇನೆಂಬುದೊಂದೇ ಅಮ್ಮನಿಗೆ ಉಳಿದಿದ್ದ ಮರ್ಯಾದೆ. ಅದನ್ನೂ ಕಿತ್ತುಕೊಳ್ಳಲೇ? ಮನೆಗೆ ಹೋಗುವ ದಾರಿಯುದ್ದಕ್ಕೂ ಲೆಕ್ಕ ಹಾಕಿದೆ. ಆದರೆ ಅವಳು ಪಾತ್ರೆಗೆ ಹೇಳಿಕೊಳ್ಳುತ್ತಿದ್ದ ಆ ಮಾತು ಕಿವಿಯಿಂದ ಹೋಗಲಿಲ್ಲ. ಬಿಲ್ಲೆಯನ್ನು ಅವಳ ಅಂಗೈಯಲ್ಲಿಟ್ಟು ಎಲ್ಲವನ್ನೂ ಹೇಳಿದೆ. ಮಾಮ ಹೊಸ್ತಿಲ ಹೊರಗೆ ನಿಂತಿದ್ದ.

ಅಮ್ಮನಿಗೆ ಓದು ಬರದು. ಕ್ಯಾರಿಯರ್ ಮುಚ್ಚಳವನ್ನು ಪಕ್ಕಕ್ಕೆ ಎಳೆದುಕೊಂಡು, ಒಂದು ಹೆಬ್ಬೆರಳಲ್ಲಿ ಅದನ್ನೂ ಇನ್ನೊಂದರಲ್ಲಿ ಬಿಲ್ಲೆಯನ್ನೂ ಸವರಿದಳು. ಬಹಳ ಹೊತ್ತು ಸವರಿದಳು.

"ಅಂಗಾರೆ ಓಡೋಗ್ಲಿಲ್ಲ" ಅಂದಳು.

"ಇಲ್ಲಮ್ಮ."

"ಸಿಹಿ ತಗಂಡು ಬತ್ತೀನಿ ಅಂದಿದ್ರಂತಾ?"

"ಹೂಂನಮ್ಮ."

ಅವಳು ಹೊಸ್ತಿಲ ಕಡೆ ನೋಡಲೇ ಇಲ್ಲ. "ನಾಳೆ ಬೆಳಿಗ್ಗೆ ನನ್ನ ಗೇಟಿಗೆ ಕರ್ಕಂಡೋಗು. ನಾನು ಸಾಯೋಗಂಟ ಕಾಯೋದು ಬ್ಯಾಡ. ಅವ್ನಿಗೂ ಬರಾಕೇಳು" ಅಂದಳು.

ಬೆಳಿಗ್ಗೆ ಏಳು ಗಂಟೆಗೆ ಆಟೋದಲ್ಲಿ ಹೋದೆವು. ಗೇಟಿಗೆ ತುಕ್ಕು, ಆಚೆ ಕಬ್ಬಿಣದ ಗೋಪುರ, ಅದರಾಚೆ ಬೂದು ದಿಬ್ಬ. ನಾವು ಮೂವರೇ. ಅಮ್ಮ ಗೇಟಿನ ಕಂಬಿ ಹಿಡಿದು ನೆಲಕ್ಕೆ ಕೂತಳು. ಸೆರಗು ಒದ್ದೆ ಮಾಡಿಕೊಂಡು ಬಂದಿದ್ದಳು. ತಾನೇ ಹಣೆಯ ಕುಂಕುಮ ಒರೆಸಿಕೊಂಡಳು. ನಾನು ಮುಖ ಆಚೆ ತಿರುಗಿಸಿದೆ, ನೋಡಲಾಗಲಿಲ್ಲ.

"ಊದಪ್ಪ" ಅಂದಳು.

ಮಾಮ ಮೂರೂ ವಾಲ್ವು ಅದುಮಿ ಊದಿದ. ಬಂತು. ಎಂಟನೇ ವಯಸ್ಸಿನಲ್ಲಿ ಕೇಳಿದ್ದ ಸ್ವರ, ಕಿವಿಗಿಂತ ಮೊದಲು ಕಾಲಿಗೆ ತಾಗುವ ಸ್ವರ. ಗೇಟಿನ ಸರಪಳಿ ಕಿಣಿಕಿಣಿ ಅಂದಿತು. ಅಮ್ಮ ಅಂಗೈಯನ್ನು ನೆಲಕ್ಕೆ ಒತ್ತಿ ಹಿಡಿದಿದ್ದಳು. ಉಸಿರು ಮುಗಿಯಿತು, ಸ್ವರ ನಿಂತಿತು. ಸಂಪ್ರದಾಯ ಅಲ್ಲಿಗೆ ಮುಗಿಯಬೇಕು.

ಅಮ್ಮ ಕೈ ಎತ್ತಲಿಲ್ಲ. "ನಿಮ್ಮಪ್ಪ ಕೆಳ್ಗಡೆ ಅದೆಷ್ಟು ದಿನ ಕಾದ್ರೋ, ಶ್ರೀಧರ. ಮೇಲ್ಗಡೆ ಚಲಪತಿ ಅವ್ನೆ, ನಾನು ಕೆಳ್ಗಿರೋದು ಎಲ್ರಿಗೂ ಏಳ್ತಾನೆ ಅಂತ" ಅಂದಳು. ಆಮೇಲೆ ಮೊದಲ ಸಲ ಮಾಮನ ಕಡೆ ತಿರುಗಿದಳು. "ಇನ್ನೊಂದ್ಸಲ ಊದು."

ಅವನು ಊದಿದ. ಕೆಮ್ಮಿದ. ಕಣ್ಣಲ್ಲಿ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ.

"ಇನ್ನೊಂದ್ಸಲ" ಅಂದಳು ಅಮ್ಮ.

ಅರವತ್ತು ದಾಟಿದ ಮನುಷ್ಯ, ಬಾಸನ್ನು ಸೊಂಟಕ್ಕೆ ಇಳಿಸಿದ. ನನ್ನ ಕಡೆ ನೋಡಿದ, ಸಾಕು ಅನ್ನಿಸು ಅನ್ನುವ ಹಾಗೆ. ನನಗೆ ಅವನ ಮೇಲೆ ಪ್ರೀತಿ ಇರಲಿಲ್ಲ ಅಂದರೆ ನಾಲಿಗೆ ಬಿದ್ದುಹೋಗುತ್ತದೆ. ಆದರೂ ನಾನು ಸಾಕು ಅನ್ನಲಿಲ್ಲ. ಅವನು ಮತ್ತೆ ಬಾಸನ್ನು ಎದೆಗೆ ಎಳೆದುಕೊಂಡು ತುಟಿ ಇಟ್ಟ.